ದಿಲ್ಲಿ ಕಡೆಯ ಹತ್ತು ವರ್ಷದ ಡೀಸೆಲ್ ಕಾರು ಊರಿಗೆ ತರಲಾ, ಅಲ್ಲೇ ಮಾರಲಾ?

ಪ್ರಶ್ನೆ: ಸರ್, ನಾನು ಶಿವಮೊಗ್ಗದವನು, ಹನ್ನೊಂದು ವರ್ಷದಿಂದ ಗುರುಗ್ರಾಮದಲ್ಲಿ ಕೆಲಸ. 2016ರ ಸೆಪ್ಟೆಂಬರ್‌ನಲ್ಲಿ ತಗೊಂಡ ಕ್ರೆಟಾ 1.6 ಡೀಸೆಲ್ ಇದೆ, 78 ಸಾವಿರ ಕಿಲೋಮೀಟರ್ ಓಡಿದೆ, ಒಂದು ದಿನ ಕೈ ಕೊಟ್ಟಿಲ್ಲ. ಇಲ್ಲಿ ಡೀಸೆಲ್ ಗಾಡಿಗೆ ಹತ್ತು ವರ್ಷ ತುಂಬಿದ್ರೆ ಆಯುಷ್ಯ ಮುಗೀತು ಅಂತಾರೆ, ಡೀಲರ್‌ಗಳು ಹೇಳೋ ರೇಟ್ ಕೇಳಿದ್ರೆ ಹೊಟ್ಟೆ ಉರಿಯತ್ತೆ. ಈಗ ಫ್ಯಾಮಿಲಿ ಸಮೇತ ಊರಿಗೆ ವಾಪಸ್ ಬರ್ತಿದೀವಿ, ತಿಂಗಳಿಗೆ ನಾಲ್ಕೈದು ದಿನ ಬೆಂಗಳೂರು ಆಫೀಸಿಗೆ ಹೋಗ್ಬೇಕು. ಗಾಡಿ ತರಲಾ, ಇಲ್ಲೇ ಮಾರಲಾ? ಲಂಡನ್‌ನಲ್ಲಿರೋ ನನ್ನ ಭಾಮೈದನೂ ಹಳೇ ಡೀಸೆಲ್‌ಗೆ ದಿನಾ ದುಡ್ಡು ಕಟ್ಟಿ ಸಾಕಾಗಿ ಕಾರು ಮಾರಿದ್ನಂತೆ. ನಾಳೆ ಬೆಂಗಳೂರಲ್ಲೂ ಇದೇ ಬಂದ್ರೆ ನನ್ ಗತಿ ಏನು?

ಉತ್ತರ:

ಮೊದ್ಲು ಉತ್ತರ ಹೇಳ್ಬಿಡ್ತೀನಿ, ಕಾರಣ ಆಮೇಲೆ. ಗಾಡಿ ತನ್ನಿ. ಆದ್ರೆ ಶಿವಮೊಗ್ಗದಲ್ಲಿ ಓಡ್ಸೋಕೆ, ಹೈವೇಲಿ ಓಡ್ಸೋಕೆ ತನ್ನಿ, ಬೆಂಗಳೂರಿನ ಟ್ರಾಫಿಕ್‌ನಲ್ಲಿ ದಿನಾ ನಿಲ್ಸೋಕಲ್ಲ. ಮತ್ತೆ ಎನ್‌ಓಸಿ (ಗಾಡಿನ ಬೇರೆ ರಾಜ್ಯದಲ್ಲಿ ನೋಂದಾಯಿಸೋಕೆ ಆರ್‌ಟಿಓ ಕೊಡೋ ಒಪ್ಪಿಗೆ ಪತ್ರ) ಕೆಲಸವನ್ನ ಹತ್ತು ವರ್ಷ ತುಂಬೋ ಮುಂಚೆನೇ ಮುಗಿಸ್ಕೊಳ್ಳಿ, ನಾಳೆ ನೋಡೋಣ ಅಂತ ಬಿಡ್ಬೇಡಿ.

ಈಗ ನಿಮಗೆ ಅನ್ಯಾಯ ಅನ್ನಿಸ್ತಿರೋ ವಿಷಯಕ್ಕೆ ಬರೋಣ. ಅನ್ಯಾಯ ಇದೆ, ಇಲ್ಲ ಅನ್ನಲ್ಲ. ಆದ್ರೆ ನೀವು ಅಂದ್ಕೊಂಡಿರೋ ಜಾಗದಲ್ಲಿಲ್ಲ ಅದು.

ದಿಲ್ಲಿ ಸುತ್ತಮುತ್ತ ನಡೀತಿರೋದು ಎರಡು ಬೇರೆ ಬೇರೆ ಲೆಕ್ಕ, ಜನ ಎರಡನ್ನೂ ಒಂದೇ ಅಂದ್ಕೊಂಡು ಗೊಂದಲ ಮಾಡ್ಕೊಳ್ತಾರೆ. ಒಂದನೇದು ವಯಸ್ಸಿನ ಲೆಕ್ಕ. 2015ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಅಂದ್ರೆ ಎನ್‌ಜಿಟಿ, ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದಿಲ್ಲಿ ಎನ್‌ಸಿಆರ್ (ದಿಲ್ಲಿ ಮತ್ತೆ ಗುರುಗ್ರಾಮದಂಥ ಸುತ್ತಲಿನ ಊರುಗಳು) ರಸ್ತೆ ಮೇಲೆ ಓಡಬಾರ್ದು ಅಂತು, 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಹೂಂ ಅಂತು. ಪೆಟ್ರೋಲ್‌ಗೆ ಹದಿನೈದು ವರ್ಷ, ಡೀಸೆಲ್‌ಗೆ ಹತ್ತು. ಗಾಡಿ ಹೊಗೆ ಬಿಡತ್ತಾ ಇಲ್ವಾ, ಎಷ್ಟು ಓಡಿದೆ, ಯಾವ ಸ್ಟ್ಯಾಂಡರ್ಡ್‌ದು, ಯಾವ್ದೂ ಕೇಳಲ್ಲ, ಆರ್‌ಸಿ ಮೇಲಿನ ಡೇಟ್ ಒಂದೇ ನೋಡೋದು. ಅದನ್ನ ಗಟ್ಟಿಯಾಗಿ ಜಾರಿಗೆ ತರೋಕೆ 2025ರ ಜುಲೈ 1ರಿಂದ ದಿಲ್ಲಿ ಬಂಕ್‌ಗಳಲ್ಲಿ ಕ್ಯಾಮೆರಾ ನಂಬರ್ ಪ್ಲೇಟ್ ಓದಿ ವಯಸ್ಸಾದ ಗಾಡಿಗೆ ಎಣ್ಣೆ ಹಾಕ್ಬಾರ್ದು ಅಂತ ಶುರು ಮಾಡಿದ್ರು, ಜನ ತಿರುಗಿಬಿದ್ರು, ಎರಡು ಮೂರು ದಿನಕ್ಕೆ ದಿಲ್ಲಿ ಸರ್ಕಾರನೇ ಬೇಡ ಅಂತ ಕಾಗ್ದ ಬರೀತು. ಆಗಸ್ಟ್ 12ಕ್ಕೆ ಸುಪ್ರೀಂ ಕೋರ್ಟ್ ಸದ್ಯಕ್ಕೆ ವಯಸ್ಸಿನ ಕಾರಣಕ್ಕೆ ಯಾರ ಮೇಲೂ ಕ್ರಮ ಬೇಡ ಅಂತು, ಡಿಸೆಂಬರ್ 17ಕ್ಕೆ ಅದನ್ನೇ ತಿದ್ದಿ ಈ ರಕ್ಷಣೆ ಬಿಎಸ್ 4 (ಬಿಎಸ್ ಅಂದ್ರೆ ಭಾರತ್ ಸ್ಟೇಜ್, ನಮ್ಮ ದೇಶದ ಹೊಗೆ ಸ್ಟ್ಯಾಂಡರ್ಡ್, ನಂಬರ್ ಜಾಸ್ತಿ ಆದಷ್ಟೂ ಬಿಗಿ) ಮತ್ತೆ ಅದಕ್ಕಿಂತ ಮೇಲಿನ ಗಾಡಿಗಳಿಗೆ ಮಾತ್ರ, ಬಿಎಸ್ 3 ಮತ್ತೆ ಕೆಳಗಿನವಕ್ಕೆ ಇಲ್ಲ ಅಂತು. ನಿಮ್ಮ ಕ್ರೆಟಾ ಬಿಎಸ್ 4, ಎನ್‌ಸಿಆರ್‌ನಲ್ಲಿ 2010ರಿಂದಲೇ ಬಿಎಸ್ 4 ಇತ್ತು. ಹಾಗಾಗಿ ಸೆಪ್ಟೆಂಬರ್ ಬಂದ ತಕ್ಷಣ ನಿಮ್ಮ ಗಾಡಿ ಎತ್ಕೊಂಡು ಹೋಗ್ತಾರೆ ಅನ್ನೋ ಭಯ ಬೇಡ. ಆ ಭಯ ತೋರಿಸೇ ಡೀಲರ್‌ಗಳು ರೇಟ್ ಇಳಿಸ್ತಿರೋದು.

ಎರಡನೇದು ಹೊಗೆ ಸ್ಟ್ಯಾಂಡರ್ಡ್‌ನ ಲೆಕ್ಕ. ಚಳಿಗಾಲದಲ್ಲಿ ಗಾಳಿ ಕೆಟ್ಟು ಗ್ರಾಪ್ ಅನ್ನೋ ಮಾಲಿನ್ಯ ತಡೆ ಯೋಜನೆಯ ಮೂರನೇ ಹಂತ ಬಂದ್ರೆ ದಿಲ್ಲಿ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್, ನೋಯ್ಡಾ ಕಡೆ ಬಿಎಸ್ 3 ಪೆಟ್ರೋಲ್ ಮತ್ತೆ ಬಿಎಸ್ 4 ಡೀಸೆಲ್ ಕಾರು ರಸ್ತೆಗೆ ಇಳಿಯೋ ಹಾಗಿಲ್ಲ, ಸಿಕ್ಕಿದ್ರೆ 20,000 ರೂಪಾಯಿ ದಂಡ. ನೀವು ಹನ್ನೊಂದು ವರ್ಷ ಅಲ್ಲಿದ್ದವರು, ಇದನ್ನ ಅನುಭವಿಸಿರ್ತೀರಿ. ಗಮನಿಸಿ, ಇಲ್ಲಿ ಯಾರೂ ವಯಸ್ಸು ಕೇಳಲ್ಲ. 2019ರಲ್ಲಿ ತಗೊಂಡ ಬಿಎಸ್ 4 ಡೀಸೆಲ್ ಕೂಡ ಮನೆ ಮುಂದೆ ನಿಲ್ಬೇಕು.

ನನ್ನ ಅಭಿಪ್ರಾಯ ಕೇಳಿದ್ರೆ, ಮೊದಲನೇ ಲೆಕ್ಕ ತಪ್ಪು, ಎರಡನೇದು ಸರಿ. ಮೂವತ್ತು ವರ್ಷ ಡೀಸೆಲ್ ಪಂಪು ಇಂಜೆಕ್ಟರ್ ಕೆಲಸದಲ್ಲೇ ಇರೋನು ನಾನು, ಕಲಾಸಿಪಾಳ್ಯದಲ್ಲಿ ಮೈಕೋ (ಬಾಷ್ ಕಂಪನಿಯ ಇಲ್ಲಿನ ಹಳೇ ಹೆಸರು) ಪಂಪ್ ಬಿಚ್ಚೋದ್ರಿಂದ ಶುರು ಮಾಡ್ದೋನು, ಡೀಸೆಲ್ ಮೇಲೆ ನನಗೆ ಪ್ರೀತಿ ಇದೆ, ಅನ್ನ ಹಾಕಿದೆ ಅದು. ಆ ಪ್ರೀತಿ ಇಟ್ಕೊಂಡೇ ಹೇಳ್ತಿದೀನಿ, ಹಳೇ ಡೀಸೆಲ್ ಹೊಗೆ ಊರೊಳಗೆ ಇರಬಾರ್ದು.

ಯಾಕೆ ಅಂತ ಒಂದು ಸಣ್ಣ ಪರೀಕ್ಷೆ ಹೇಳ್ತೀನಿ, ನೀವೇ ಮಾಡಿ ನೋಡಬಹುದು. ನಮ್ಮ ಶಾಪಿಗೆ ಹೊಸ ಹುಡುಗರು ಕೆಲಸ ಕಲಿಯೋಕೆ ಬಂದಾಗ ಮೊದಲನೇ ದಿನ ನಾನು ಮಾಡ್ಸೋದೇ ಇದು. ಒಂದು ಬಿಳಿ ಬನಿಯನ್ ಬಟ್ಟೆ ಕೊಟ್ಟು, ಎಂಜಿನ್ ತಣ್ಣಗಿರೋವಾಗ ಸಾಲಾಗಿ ನಿಂತಿರೋ ಗಾಡಿಗಳ ಸೈಲೆನ್ಸರ್ ಬಾಯೊಳಗೆ ಬೆರಳು ಹಾಕಿ ಒರೆಸಿ ತಾ ಅಂತೀನಿ. ಬಿಎಸ್ 3 ಜೀಪಿಂದ ಒರೆಸಿದ್ರೆ ಬಟ್ಟೆ ಮೇಲೆ ದೀಪದ ಕಾಡಿಗೆ ಥರ ದಪ್ಪಗೆ ಮೆತ್ತಿಕೊಳ್ಳತ್ತೆ, ಉಜ್ಜಿದ್ರೆ ಬೆರಳ ಗೆರೆ ಒಳಗೆಲ್ಲ ಇಳಿಯತ್ತೆ, ಸೋಪಿಗೂ ಹೋಗಲ್ಲ. ಬಿಎಸ್ 4 ಕಾರಿಂದು ಸ್ವಲ್ಪ ಕಮ್ಮಿ, ಆದ್ರೂ ಕಪ್ಪೇ. ಬಿಎಸ್ 6 ಡೀಸೆಲ್ ಐವತ್ತು ಸಾವಿರ ಓಡಿರ್ಲಿ, ಬಟ್ಟೆ ಹೆಚ್ಚುಕಮ್ಮಿ ಬೆಳ್ಳಗೇ ವಾಪಸ್ ಬರತ್ತೆ, ತುಕ್ಕಿನ ಒಂದೆರಡು ಚುಕ್ಕೆ ಅಷ್ಟೇ. ಹುಡುಗ್ರು ನಂಬಲ್ಲ, ಇನ್ನೊಂದ್ ಸಲ ಒರೆಸ್ತಾರೆ. ಆ ಮೂರು ಬಟ್ಟೆ ಪಕ್ಕಪಕ್ಕ ಇಟ್ಟು ತೋರ್ಸಿದ್ಮೇಲೆ ನಾನು ಪಾಠ ಮಾಡೋ ಅಗತ್ಯನೇ ಇರಲ್ಲ.

ವ್ಯತ್ಯಾಸ ಎಲ್ಲಿಂದ ಬಂತು? ಡಿಪಿಎಫ್‌ನಿಂದ. ಜೇನುಗೂಡಿನ ಥರ ಇರೋ ಒಂದು ಫಿಲ್ಟರ್ ಅದು, ಒಂದು ಬಿಟ್ಟು ಒಂದು ತೂತಿನ ಬಾಯಿ ಮುಚ್ಚಿರ್ತಾರೆ, ಹೊಗೆ ಗೋಡೆ ಒಳಗೇ ಸೋಸಿಕೊಂಡು ಆಚೆ ಬರಬೇಕು, ಮಸಿ ಒಳಗೇ ಉಳಿಯತ್ತೆ, ತುಂಬಿದಾಗ ಗಾಡಿನೇ ಬಿಸಿ ಏರಿಸಿ ಸುಮಾರು 600 ಡಿಗ್ರಿಯಲ್ಲಿ ಅದನ್ನ ಸುಟ್ಟು ಹಾಕತ್ತೆ. ಕಾರಿಗೆ ಬಿಎಸ್ 4ರಲ್ಲಿ ಮಸಿ ಕಿಲೋಮೀಟರಿಗೆ 0.025 ಗ್ರಾಂ ತನಕ ಬಿಡಬಹುದಿತ್ತು, ಬಿಎಸ್ 6ರಲ್ಲಿ 0.0045 ಗ್ರಾಂ. ಐದು ಪಟ್ಟಿಗಿಂತ ಜಾಸ್ತಿ ಇಳಿತ. ಹಳೇ ಲಿಮಿಟ್‌ಗೆ ಡಿಪಿಎಫ್ ಬೇಕಾಗಿರ್ಲಿಲ್ಲ, ಹಾಗಾಗಿ ನಮ್ಮ ದೇಶದ ಬಿಎಸ್ 4 ಡೀಸೆಲ್ ಕಾರುಗಳಲ್ಲಿ ಬಹುಪಾಲಿಗೆ ಅದು ಇಲ್ಲ.

ಮಸಿ ಕಣ್ಣಿಗೆ ಕಾಣತ್ತೆ. ಕಾಣದೇ ಇರೋದು ಇನ್ನೊಂದಿದೆ, ನೈಟ್ರೋಜನ್ ಆಕ್ಸೈಡ್, ನಾವು ಶಾಪಲ್ಲಿ ನಾಕ್ಸ್ ಅಂತೀವಿ. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ವಲ್ಲ, ಗಾಳಿನ ಜೋರಾಗಿ ಹಿಂಡಿ ಆ ಬಿಸಿಗೇ ಎಣ್ಣೆ ಹೊತ್ತಿಸೋದು, ಒಳಗೆ ಗಾಳಿ ಯಾವಾಗ್ಲೂ ಬೇಕಾದ್ದಕ್ಕಿಂತ ಜಾಸ್ತಿನೇ ಇರತ್ತೆ, ಆ ಬಿಸಿಯಲ್ಲಿ ಗಾಳಿಯಲ್ಲಿರೋ ನೈಟ್ರೋಜನ್ನೇ ಆಕ್ಸಿಜನ್ ಜೊತೆ ಸೇರ್ಕೊಂಡ್‌ಬಿಡತ್ತೆ. ತಮಾಷೆ ವಿಷಯ ಅಲ್ಲ ಇದು, ಎಂಜಿನ್ ಚೆನ್ನಾಗಿ ಉರಿದಷ್ಟೂ ನಾಕ್ಸ್ ಜಾಸ್ತಿ, ಉರಿ ತಣ್ಣಗೆ ಮಾಡಿದ್ರೆ ಮಸಿ ಜಾಸ್ತಿ, ಒಂದನ್ನ ಒತ್ತಿದ್ರೆ ಇನ್ನೊಂದು ಮೇಲೇಳತ್ತೆ. ಇಜಿಆರ್ ವಾಲ್ವ್ ಇರೋದು ಇದಕ್ಕೇ, ಸ್ವಲ್ಪ ಹೊಗೆನ ವಾಪಸ್ ಎಂಜಿನ್‌ಗೇ ಕಳಿಸಿ ಉರಿ ತಣ್ಣಗೆ ಮಾಡೋಕೆ. ಈ ಗ್ಯಾಸ್ ಶ್ವಾಸಕೋಶಕ್ಕೆ ಇಳಿದ್ರೆ ಅಸ್ತಮಾ ಇರೋ ಮಕ್ಕಳು ಒದ್ದಾಡ್ತಾರೆ. ಡೀಸೆಲ್ ಹೊಗೆ ಕ್ಯಾನ್ಸರ್ ತರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಮೊದಲನೇ ಗುಂಪಿಗೆ ಸೇರಿಸ್ತು, ತಂಬಾಕು ಇರೋ ಗುಂಪು ಅದು.

ಈಗ ನಿಮ್ಮ ಭಾಮೈದನ ಲಂಡನ್‌ಗೆ ಬರೋಣ, ಯಾಕಂದ್ರೆ ಬೆಂಗಳೂರಿಗೆ ನಾಳೆ ಏನ್ ಬರಬಹುದು ಅನ್ನೋದಕ್ಕೆ ದಿಲ್ಲಿಗಿಂತ ಲಂಡನ್ ಒಳ್ಳೆ ಉದಾಹರಣೆ.

ಅಲ್ಲಿ ಯೂಲೆಜ್ ಅಂತಾರೆ, ತೀರಾ ಕಡಿಮೆ ಹೊಗೆಯ ವಲಯ. 2019ರ ಏಪ್ರಿಲ್ 8ಕ್ಕೆ ಊರ ನಡುವಿನ ಸಣ್ಣ ಭಾಗದಲ್ಲಿ ಶುರುವಾಯ್ತು, 2021ರ ಅಕ್ಟೋಬರ್‌ನಲ್ಲಿ ನಾರ್ತ್ ಮತ್ತೆ ಸೌತ್ ಸರ್ಕ್ಯುಲರ್ ರಸ್ತೆಗಳ ತನಕ ಹಿಗ್ತು, 2023ರ ಆಗಸ್ಟ್ 29ಕ್ಕೆ ಇಡೀ ಲಂಡನ್‌ಗೆ ಬಂತು. ರಸ್ತೆ ತುಂಬ ಕ್ಯಾಮೆರಾ, ನಂಬರ್ ಪ್ಲೇಟ್ ಓದಿ ಆ ಗಾಡಿ ಯಾವ ಸ್ಟ್ಯಾಂಡರ್ಡ್‌ದು ಅಂತ ರೆಕಾರ್ಡ್ ನೋಡ್ತಾವೆ, ಸರಿ ಇದ್ರೆ ಒಂದ್ ಪೈಸೆ ಇಲ್ಲ, ಸರಿ ಇಲ್ಲ ಅಂದ್ರೆ ಓಡ್ಸಿದ ದಿನಕ್ಕೆ 12.50 ಪೌಂಡ್. ಮನೆ ಮುಂದೆ ನಿಂತಿದ್ರೆ ದುಡ್ಡಿಲ್ಲ, ಓಡ್ಸಿದ್ರೆ ಮಾತ್ರ. ಕಟ್ಟೋದು ಮರೆತ್ರೆ 180 ಪೌಂಡ್ ದಂಡ, ಎರಡು ವಾರದೊಳಗೆ ಕಟ್ಟಿದ್ರೆ ಅರ್ಧ. ವರ್ಷಕ್ಕೆ 250 ದಿನ ಕೆಲಸಕ್ಕೆ ಓಡ್ಸಿದ್ರೆ 3,125 ಪೌಂಡ್ ಆಯ್ತು, ಒಂದು ಹಳೇ ಕಾರಿನ ಬೆಲೆನೇ ಅಷ್ಟಿರತ್ತೆ. ನಿಮ್ಮ ಭಾಮೈದ ಸಾಕಾಗಿ ಮಾರಿದ್ದು ಇದಕ್ಕೇ.

ನಿಯಮ ಏನು ಅಂದ್ರೆ ಪೆಟ್ರೋಲ್ ಆದ್ರೆ ಯೂರೋ 4 (ನಮ್ಮ ಬಿಎಸ್ ಥರದ್ದೇ ಯುರೋಪಿನ ಸ್ಟ್ಯಾಂಡರ್ಡ್) ಸಾಕು, ಅಂದ್ರೆ ಹೆಚ್ಚುಕಮ್ಮಿ 2006ರಿಂದ ಈಚಿನವು. ಡೀಸೆಲ್ ಆದ್ರೆ ಯೂರೋ 6 ಬೇಕು, ಕಾರುಗಳಲ್ಲಿ ಸುಮಾರು 2015ರ ಸೆಪ್ಟೆಂಬರ್‌ನಿಂದ ಈಚಿನವು. ಪೆಟ್ರೋಲ್‌ಗೆ ಅಷ್ಟು ಸಲೀಸು, ಡೀಸೆಲ್‌ಗೆ ಇಷ್ಟು ಬಿಗಿ ಯಾಕೆ ಅಂತ ಅಲ್ಲಿನ ಜನನೂ ಜಗಳ ಆಡಿದ್ರು. ಕಾರಣ ಒಂದು ನಂಬರ್‌ನಲ್ಲಿದೆ. ಯೂರೋ 4 ಪೆಟ್ರೋಲ್ ಕಾರಿನ ನಾಕ್ಸ್ ಲಿಮಿಟ್ ಕಿಲೋಮೀಟರಿಗೆ 0.08 ಗ್ರಾಂ, ಯೂರೋ 6 ಡೀಸೆಲ್‌ದೂ 0.08 ಗ್ರಾಂ. ಅದೇ ಗೆರೆ. ಪೆಟ್ರೋಲ್ ಆ ಗೆರೆನ ಹತ್ತು ವರ್ಷ ಮೊದ್ಲೇ ಮುಟ್ಟಿತ್ತು, ಡೀಸೆಲ್ ತಡ ಮಾಡ್ತು. ವಯಸ್ಸಿಗೆ ಹಾಕಿದ ಗೆರೆ ಅಲ್ಲ ಅದು, ಹೊಗೆಗೆ ಹಾಕಿದ ಗೆರೆ, ಅದಕ್ಕೇ ನನಗೆ ಅದು ನ್ಯಾಯ ಅನ್ನಿಸೋದು.

ಯೂರೋ 5 ಡೀಸೆಲ್‌ಗಾದ್ರೂ ಬಿಡಬಹುದಿತ್ತಲ್ಲ ಅಂತ ಕೇಳಬಹುದು, ಪೇಪರ್ ಮೇಲೆ ಅದರ ಲಿಮಿಟ್ 0.18. ಆದ್ರೆ ಪೇಪರ್ ಬೇರೆ ರಸ್ತೆ ಬೇರೆ. 2015ರ ಸೆಪ್ಟೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಹಗರಣ ಆಚೆ ಬಂತಲ್ಲ, ಟೆಸ್ಟ್ ನಡೀತಿದೆ ಅಂತ ಗೊತ್ತಾದಾಗ ಮಾತ್ರ ಹೊಗೆ ಕಮ್ಮಿ ಮಾಡೋ ಸಾಫ್ಟ್‌ವೇರ್, ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಗಾಡಿಗಳಲ್ಲಿ. ಅದಾದ್ಮೇಲೆ ಎಲ್ಲಾ ಕಂಪನಿಗಳ ಕಾರುಗಳನ್ನ ನಿಜವಾದ ರಸ್ತೆ ಮೇಲೆ ಅಳೆದು ನೋಡಿದ್ರೆ ಯೂರೋ 5 ಡೀಸೆಲ್‌ಗಳು ಲಿಮಿಟ್‌ಗಿಂತ ಹಲವು ಪಟ್ಟು ನಾಕ್ಸ್ ಬಿಡ್ತಿದ್ವು. ಎಷ್ಟೋ ಜನ ಅದೇ ಕಾರನ್ನ ಪರಿಸರಕ್ಕೆ ಒಳ್ಳೇದು ಅಂತ ನಂಬಿ ತಗೊಂಡಿದ್ರು, ಬ್ರಿಟನ್ ಸರ್ಕಾರನೇ 2001ರಿಂದ ಕಾರ್ಬನ್ ಡೈಆಕ್ಸೈಡ್ ನೋಡಿ ರೋಡ್ ಟ್ಯಾಕ್ಸ್ ಹಾಕೋಕೆ ಶುರು ಮಾಡಿ ಜನರನ್ನ ಡೀಸೆಲ್ ಕಡೆ ತಳ್ಳಿತ್ತು. ಅವರ ಸಿಟ್ಟು ನನಗೆ ಅರ್ಥ ಆಗತ್ತೆ. ಸರ್ಕಾರ ಹೇಳ್ದಂಗೆ ಕೇಳ್ದೋರಿಗೆ ಸರ್ಕಾರನೇ ದಂಡ ಹಾಕಿದ ಹಾಗೆ ಆಯ್ತು. ಅದಕ್ಕೇ ಹಳೇ ಕಾರು ಗುಜರಿಗೆ ಹಾಕೋರಿಗೆ 2,000 ಪೌಂಡ್ ತನಕ ಕೊಡೋ ಸ್ಕೀಮ್ ತಂದ್ರು, ಮೊದ್ಲು ಮುಖ್ಯವಾಗಿ ಬಡವರಿಗೆ, ಅಂಗವಿಕಲರಿಗೆ ಇತ್ತು, ಗಲಾಟೆ ಜೋರಾದ್ಮೇಲೆ 2023ರ ಆಗಸ್ಟ್‌ನಲ್ಲಿ ಎಲ್ಲಾ ಲಂಡನ್ ಜನಕ್ಕೂ ತೆರೆದ್ರು. ಮೊದಲೇ ಎಲ್ಲರಿಗೂ ಕೊಟ್ಟಿದ್ರೆ ಅಷ್ಟು ಕಹಿ ಉಳೀತಿರ್ಲಿಲ್ಲ ಅಂತ ನನಗನ್ಸತ್ತೆ.

ಇಷ್ಟೆಲ್ಲಾ ಮಾಡಿ ಗಾಳಿ ಸುಧಾರಿಸ್ತಾ? ಸುಧಾರಿಸ್ತು. ವಲಯ ಇಲ್ದೇ ಇದ್ದಿದ್ರೆ ಎಷ್ಟಿರ್ತಿತ್ತೋ ಅದಕ್ಕೆ ಹೋಲಿಸಿದ್ರೆ ರಸ್ತೆ ಬದಿಯ ನೈಟ್ರೋಜನ್ ಡೈಆಕ್ಸೈಡ್ ಇಡೀ ಲಂಡನ್‌ನಲ್ಲಿ 27 ಪರ್ಸೆಂಟ್, ಊರ ನಡುವೆ 54 ಪರ್ಸೆಂಟ್ ಕಮ್ಮಿ ಅಂತ ಒಂದು ವರ್ಷದ ನಂತರದ ಅಧಿಕೃತ ವರದಿ ಹೇಳತ್ತೆ. ಈ ನಂಬರ್‌ಗಿಂತ ನನ್ನ ಮನಸ್ಸಲ್ಲಿ ಉಳಿದಿರೋದು ಒಂದು ಮಗು. ಎಲಾ ಅಡೂ ಕಿಸ್ಸಿ ಡೆಬ್ರಾ ಅಂತ ಹೆಸರು, ಲಂಡನ್‌ನ ಲೂಯಿಶಮ್‌ನಲ್ಲಿ, ಆ ಸೌತ್ ಸರ್ಕ್ಯುಲರ್ ರಸ್ತೆ ಹತ್ತಿರನೇ ಮನೆ. ತೀವ್ರ ಅಸ್ತಮಾ. 2013ರ ಫೆಬ್ರವರಿಯಲ್ಲಿ ಒಂಬತ್ತನೇ ವಯಸ್ಸಿಗೆ ತೀರ್ಕೊಂಡ್ಲು. ಅವಳ ತಾಯಿ ಬಿಡದೇ ಹೋರಾಡಿದ್ಮೇಲೆ 2020ರ ಡಿಸೆಂಬರ್‌ನಲ್ಲಿ ಅಲ್ಲಿನ ಕೊರೋನರ್ (ಸಾವಿನ ಕಾರಣ ವಿಚಾರಿಸೋ ಅಧಿಕಾರಿ) ವಾಯುಮಾಲಿನ್ಯನೂ ಆ ಸಾವಿಗೆ ಒಂದು ಕಾರಣ ಅಂತ ಬರೆದ್ರು. ಬ್ರಿಟನ್‌ನಲ್ಲಿ ಹಾಗೆ ಬರೆದಿದ್ದು ಅದೇ ಮೊದಲು. ದೊಡ್ಡ ರಸ್ತೆ ಪಕ್ಕದಲ್ಲಿ ಬೆಳೆಯೋ ಮಕ್ಕಳು ನಮ್ಮಲ್ಲಿ ಎಷ್ಟಿದಾರೆ ಅಂತ ಯೋಚ್ನೆ ಮಾಡಿ, ಹೊಸೂರು ರೋಡ್ ಪಕ್ಕ, ತುಮಕೂರು ರೋಡ್ ಪಕ್ಕ. ಅವರ ಸಾವಿನ ಸರ್ಟಿಫಿಕೇಟಲ್ಲಿ ಯಾರೂ ಹೊಗೆ ಅಂತ ಬರೆಯಲ್ಲ.

ಎಲ್ಲಾ ವಲಯನೂ ಒಂದೇ ಥರ ಇರಲ್ಲ ಅನ್ನೋದನ್ನೂ ಒಂದ್ ಮಾತಲ್ಲಿ ಹೇಳ್ಬಿಡ್ತೀನಿ. ಜರ್ಮನಿಯ ಹ್ಯಾಂಬರ್ಗ್ 2018ರಲ್ಲಿ ಬರೀ ಎರಡು ರಸ್ತೆಯ ಕೆಲವು ಭಾಗಕ್ಕೆ ಹಳೇ ಡೀಸೆಲ್ ನಿಷೇಧ ಹಾಕಿ ಪಕ್ಕದ ಬೀದಿಗಳ ಮೂಲಕ ಸುತ್ತಿಸ್ತು. ನನಗೆ ಅದು ಕೆಲಸ ಅನ್ಸಲ್ಲ, ಹೊಗೆ ಒಂದ್ ಬೀದಿ ಆಚೆ ಹೋಯ್ತು ಅಷ್ಟೇ. ಸ್ಟುಟ್‌ಗಾರ್ಟ್ 2019ರ ಜನವರಿಯಿಂದ ಯೂರೋ 4 ಮತ್ತೆ ಕೆಳಗಿನ ಡೀಸೆಲ್‌ಗಳನ್ನ ಇಡೀ ವಲಯಕ್ಕೇ ಬಿಡಲ್ಲ ಅಂತು. ಸ್ಟುಟ್‌ಗಾರ್ಟ್ ಅಂದ್ರೆ ಬಾಷ್ ಊರು, ಬೆನ್ಜ್ ಊರು, ಡೀಸೆಲ್‌ನಿಂದ ಅನ್ನ ತಿಂದ ಊರು, ನಮ್ಮ ಆಡುಗೋಡಿ ಮೈಕೋ ಫ್ಯಾಕ್ಟರಿಯ ತವರುಮನೆ ಅನ್ನಿ. ಆ ಊರೇ ಹಾಗೆ ಹೇಳ್ಬೇಕಾಯ್ತು ಅಂದಾಗ ನನ್ನಂಥೋರು ಸುಮ್ನೆ ಕೂತು ಯೋಚ್ನೆ ಮಾಡಿದ್ವಿ.

ಈಗ ನಿಮ್ಮ ಗಾಡಿ ವಿಷಯ. ನಿಮಗೆ ಬೇಜಾರಾಗೋ ಮಾತು ಹೇಳ್ತೀನಿ. ದಿಲ್ಲಿಯ ವಯಸ್ಸಿನ ನಿಯಮ ನಿಮಗೆ ಅನ್ಯಾಯ ಮಾಡ್ತು ನಿಜ, ಆದ್ರೆ ಲಂಡನ್‌ನ ನ್ಯಾಯವಾದ ನಿಯಮ ಇದ್ರೂ ನಿಮ್ಮ ಕ್ರೆಟಾ ಪಾಸ್ ಆಗ್ತಿರ್ಲಿಲ್ಲ. ಬಿಎಸ್ 4 ಅಂದ್ರೆ ಯೂರೋ 4ರ ಲೆಕ್ಕ, ನಾಕ್ಸ್ ಲಿಮಿಟ್ 0.25 ಗ್ರಾಂ, ಆ 0.08ರ ಗೆರೆಗೆ ಮೂರು ಪಟ್ಟು. ಬೆಂಗಳೂರಲ್ಲಿ ಸದ್ಯಕ್ಕೆ ಅಂಥ ವಲಯ ಇಲ್ಲ. 2020ರ ನವೆಂಬರ್‌ನಲ್ಲಿ ಚರ್ಚ್ ಸ್ಟ್ರೀಟ್‌ನಲ್ಲಿ ವಾರಾಂತ್ಯ ಗಾಡಿ ಬಿಡದೇ ಪ್ರಯೋಗ ಮಾಡಿದ್ರು, ಅಷ್ಟೇ. ಆದ್ರೆ ಯಾವತ್ತಾದ್ರೂ ಬಂದ್ರೆ ಡೀಸೆಲ್‌ಗೆ ಬಿಎಸ್ 6ಕ್ಕೇ ಗೆರೆ ಹಾಕ್ತಾರೆ, ಹಾಕ್ಬೇಕು ಕೂಡ, ಅಂತ ನನ್ನ ನಂಬಿಕೆ. ಬಿಎಸ್ 6 ದೇಶಕ್ಕೆಲ್ಲಾ ಬಂದಿದ್ದು 2020ರ ಏಪ್ರಿಲ್‌ಗೆ, ಅದಕ್ಕಿಂತ ಹಿಂದಿನ ಡೀಸೆಲ್ ಇಟ್ಕೊಂಡಿರೋರು ಈ ಲೆಕ್ಕ ತಲೇಲಿ ಇಟ್ಕೊಂಡಿರಿ.

ಹಾಗಿದ್ರೂ ತನ್ನಿ ಅಂದೆ. ಯಾಕೆ ಅಂದ್ರೆ ನಿಮ್ಮ ಗಾಡಿ 78 ಸಾವಿರ ಓಡಿರೋದು, ಆ ಎಂಜಿನ್‌ಗೆ ಅದು ಯೌವನ. ಅದನ್ನ ಈಗ ಗುಜರಿಗೆ ಹಾಕಿ ಹೊಸ ಕಾರು ತಗೊಂಡ್ರೆ ಆ ಹೊಸ ಕಾರು ಮಾಡೋಕೆ ಬೇಕಾದ ಉಕ್ಕು, ಅಲ್ಯೂಮಿನಿಯಂ, ಕರೆಂಟು ಎಲ್ಲಾ ಲೆಕ್ಕಕ್ಕೆ ಬರತ್ತೆ. ನೀವು ಬೇರೆಯವರಿಗೆ ಮಾರಿದ್ರೆ ಅದು ಎನ್‌ಓಸಿ ಮೇಲೆ ಇನ್ನೊಂದು ಊರಿಗೆ ಹೋಗತ್ತೆ ಅಷ್ಟೇ, ಹೊಗೆ ಭೂಮಿ ಬಿಟ್ಟು ಹೋಗಲ್ಲ. ಗಾಡಿ ಓಡೋ ಜಾಗ ಮುಖ್ಯ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ನಾಲ್ಕನೇ ಐದನೇ ಗೇರಲ್ಲಿ ಹೋಗೋ ಬಿಎಸ್ 4 ಡೀಸೆಲ್ಲಿಗೂ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಮುಕ್ಕಾಲು ಗಂಟೆ ನಿಂತು ನಿಂತು ಹೋಗೋ ಅದೇ ಡೀಸೆಲ್ಲಿಗೂ ಬಹಳ ವ್ಯತ್ಯಾಸ, ಪಕ್ಕದಲ್ಲಿ ಸ್ಕೂಟರ್ ಮೇಲೆ ಮಗು ಕೂರಿಸ್ಕೊಂಡಿರೋ ಅಪ್ಪನ ಮೂಗು ನಿಮ್ಮ ಸೈಲೆನ್ಸರ್‌ನಿಂದ ಎಷ್ಟು ದೂರ ಇರತ್ತೆ ಹೇಳಿ. ತಿಂಗಳಿಗೆ ನಾಲ್ಕೈದು ದಿನ ಅಂದ್ರಲ್ಲ, ರೈಲಲ್ಲಿ ಬನ್ನಿ, ಮೆಟ್ರೋ ಹತ್ತಿ. ಕಾರಲ್ಲೇ ಬಂದ್ರೆ ಊರಾಚೆ ಮೆಟ್ರೋ ಪಾರ್ಕಿಂಗ್‌ನಲ್ಲಿ ಬಿಟ್ಟು ಒಳಗೆ ಹೋಗಿ.

ಹಾಗಂತ ಸಣ್ಣ ಊರುಗಳಿಗೆ ಹಳೇದೆಲ್ಲಾ ತುಂಬಬಹುದು ಅಂತಲ್ಲ, ಇದು ನನಗೆ ನಿಜವಾಗ್ಲೂ ನೋವಿನ ವಿಷಯ. ಗಾಳಿ ಸುಧಾರಿಸಲೇಬೇಕು ಅಂತ ಕೇಂದ್ರದ ಕ್ಲೀನ್ ಏರ್ ಕಾರ್ಯಕ್ರಮ 2019ರಲ್ಲಿ ಗುರುತಿಸಿದ ಊರುಗಳಲ್ಲಿ ನಮ್ಮ ರಾಜ್ಯದ್ದು ಬೆಂಗಳೂರು ಒಂದೇ ಅಲ್ಲ, ದಾವಣಗೆರೆ ಇದೆ, ಹುಬ್ಬಳ್ಳಿ ಧಾರವಾಡ ಇದೆ, ಕಲಬುರಗಿ ಇದೆ. ದಿಲ್ಲಿಗೆ ಬೇಡವಾದ ಬಿಎಸ್ 3 ಡೀಸೆಲ್ ದಾವಣಗೆರೆಗೆ ಬಂದ್ರೆ ದಾವಣಗೆರೆ ಮಕ್ಕಳ ಶ್ವಾಸಕೋಶ ಬೇರೆ ಥರದ್ದಾ? ದಿಲ್ಲಿ ಕಡೆಯಿಂದ ಸಸ್ತಾ ಸಿಗತ್ತೆ ಅಂತ ಬಿಎಸ್ 3 ಡೀಸೆಲ್ ಎಸ್‌ಯುವಿ ತರೋಕೆ ಹೊರಟು ನನ್ನ ಹತ್ರ ಸಲಹೆ ಕೇಳೋರಿಗೆ ನಾನು ಬೇಡ ಅಂತಲೇ ಹೇಳೋದು. ನಿಮಗೆ ಹೂಂ ಅಂದಿದ್ದು ಗಾಡಿ ಬಿಎಸ್ 4 ಅಂತ, ನಿಮ್ಮದೇ ಅಂತ, ಮತ್ತೆ ಈ ಮುಂದೆ ಹೇಳೋದನ್ನ ನೀವು ಮಾಡ್ತೀರಿ ಅನ್ನೋ ನಂಬಿಕೆ ಮೇಲೆ.

ಇಜಿಆರ್ ಮುಚ್ಚಿಸ್ಬೇಡಿ. ಇದನ್ನ ಎಷ್ಟು ಸಲ ಹೇಳಿದ್ರೂ ಸಾಲದು. ಪಿಕಪ್ ಬರತ್ತೆ, ಮೈಲೇಜ್ ಬರತ್ತೆ ಅಂತ ಗ್ಯಾರೇಜಲ್ಲಿ ಒಂದು ತಗಡಿನ ಚೂರು ಹಾಕಿ ಇಜಿಆರ್ ದಾರಿ ಮುಚ್ತಾರೆ, ಸಾವಿರ ರೂಪಾಯಿ ಕೆಲಸವೂ ಅಲ್ಲ. ಗಾಡಿ ಹಗುರ ಆದಂಗೆ ಅನ್ಸತ್ತೆ, ಸೈಲೆನ್ಸರ್ ಹೊಗೆನೂ ಕಣ್ಣಿಗೆ ಕಮ್ಮಿನೇ ಕಾಣತ್ತೆ, ಯಾಕಂದ್ರೆ ಮಸಿ ಕಮ್ಮಿಯಾಗಿ ಕಾಣದ ನಾಕ್ಸ್ ಜಾಸ್ತಿ ಆಗಿರತ್ತೆ. ಇನ್ನೂ ಕೆಟ್ಟದ್ದು ಏನಂದ್ರೆ ನಮ್ಮ ಎಮಿಷನ್ ಟೆಸ್ಟಲ್ಲಿ ಇದು ಸಿಕ್ಕಿಬೀಳಲ್ಲ. ಡೀಸೆಲ್‌ಗೆ ಅಲ್ಲಿ ನೋಡೋದು ಹೊಗೆಯ ಕಪ್ಪು ಎಷ್ಟು ಅಂತ ಮಾತ್ರ, ಬಿಎಸ್ 4ಕ್ಕೆ 1.62, ಹಳೇದಕ್ಕೆ 2.45 ಲಿಮಿಟ್, ಅದೂ ಗಾಡಿ ನಿಲ್ಲಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡ್ಬೇಕು. ನಾನೇ ನೋಡಿದೀನಿ, ಪೈಪ್ ಒಳಗೆ ಪ್ರೋಬ್ ಹಾಕಿರ್ತಾರೆ, ಎಂಜಿನ್ ಸುಮ್ನೆ ಐಡಲ್‌ನಲ್ಲಿ ಗುರ್ ಅಂತಿರತ್ತೆ, ಪ್ರಿಂಟ್ ಬಂದೇಬಿಡತ್ತೆ. ನಾಕ್ಸ್ ಅಂತೂ ಅಳೆಯೋದೇ ಇಲ್ಲ. ಅದಕ್ಕೇ ಎಮಿಷನ್ ಸರ್ಟಿಫಿಕೇಟ್ ಇದೆ, ನನ್ ಗಾಡಿ ಕ್ಲೀನ್ ಅನ್ನೋ ಮಾತಿಗೆ ಬೆಲೆ ಕಮ್ಮಿ. ಇಜಿಆರ್ ಕಟ್ಟಿಕೊಂಡಿದ್ರೆ ಬಿಚ್ಚಿ ಕ್ಲೀನ್ ಮಾಡಿಸಿ, ಒಳಗೆ ಟಾರು ಥರ ಕೂತಿರತ್ತೆ, ಕೆರೆದು ತೆಗೆದ್ರೆ ಎಂಜಿನ್ ಆ ಪಿಕಪ್‌ನ ತಾನಾಗೇ ವಾಪಸ್ ಕೊಡತ್ತೆ.

ಇಂಜೆಕ್ಟರ್‌ಗಳ ರಿಟರ್ನ್ ಟೆಸ್ಟ್ ಮಾಡಿಸಿ, ನಾಲ್ಕು ಬಾಟಲಿಲಿ ವಾಪಸ್ ಬರೋ ಎಣ್ಣೆ ಅಳೆಯೋ ಟೆಸ್ಟು, ಒಂದರಲ್ಲಿ ಮಾತ್ರ ಜಾಸ್ತಿ ಬಂದ್ರೆ ಅದೇ ಕಳ್ಳ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಟೈಮಿಗೆ ಬದಲಾಯಿಸಿ. ಡೀಸೆಲ್ ಈಗ 10 ಪಿಪಿಎಂ ಗಂಧಕದ್ದೇ ಎಲ್ಲಾ ಕಡೆ ಸಿಗೋದು, ನಿಮ್ಮ ಗಾಡಿ ಬಂದಾಗ 50 ಇತ್ತು, ಅಷ್ಟರ ಮಟ್ಟಿಗೆ ಹಳೇ ಎಂಜಿನ್‌ಗೂ ಉಪಕಾರನೇ.

ಪೇಪರ್ ಕೆಲಸ: ಲೋನ್ ಇದ್ರೆ ಮೊದ್ಲು ತೀರಿಸಿ ಬ್ಯಾಂಕಿಂದ ಫಾರ್ಮ್ 35 ತಗೊಂಡು ಆರ್‌ಸಿಯಿಂದ ಹೈಪೊಥಿಕೇಷನ್ (ಸಾಲಕ್ಕೆ ಬ್ಯಾಂಕ್ ಹೆಸರು ಇರೋ ನಮೂದು) ತೆಗೆಸಿ. ಬಾಕಿ ಚಲನ್ ಎಲ್ಲಾ ಕಟ್ಟಿ, ಒಂದು ಇದ್ರೂ ಎನ್‌ಓಸಿ ನಿಲ್ಲತ್ತೆ. ಗುರುಗ್ರಾಮದ ಆಫೀಸಲ್ಲಿ ಎನ್‌ಓಸಿಗೆ ಫಾರ್ಮ್ 28 ಕೊಡಿ, ಶಿವಮೊಗ್ಗ ಆರ್‌ಟಿಓ ಹೆಸರು ಸರಿಯಾಗಿ ಬರೆಸಿ, ಚಾಸಿ ನಂಬರ್‌ನ ಪೆನ್ಸಿಲ್ ಪ್ರಿಂಟ್ ಎರಡು ಮೂರು ಜಾಸ್ತಿನೇ ತೆಗೆಸಿಟ್ಕೊಳ್ಳಿ, ಊರಿಗೆ ಬಂದ್ಮೇಲೆ ಕೇಳ್ತಾರೆ. ಗಾಡಿ ತಗೊಂಡಾಗಿನ ಇನ್‌ವಾಯ್ಸ್ ಹುಡುಕಿ, ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಹಾಕೋದು ಅದರ ಮೇಲೆ, ಗಾಡಿ ವಯಸ್ಸು ನೋಡಿ ಕಡಿಮೆ ಮಾಡ್ತಾರೆ. ನಮ್ಮ ರಾಜ್ಯದ ಟ್ಯಾಕ್ಸ್ ದೇಶದಲ್ಲೇ ಜಾಸ್ತಿ ಇರೋ ಕಡೆ ಒಂದು, ಹಾಗಾಗಿ ಅಲ್ಲಿನ ಡೀಲರ್ ರೇಟು, ಇಲ್ಲಿನ ಟ್ಯಾಕ್ಸು ಎರಡನ್ನೂ ಒಂದೇ ಹಾಳೆ ಮೇಲೆ ಬರೆದು ನೋಡಿ ಆಮೇಲೆ ಲಾರಿ ಬುಕ್ ಮಾಡಿ. ಬೇರೆ ರಾಜ್ಯದ ನಂಬರಲ್ಲಿ ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಕೊಳ್ಳೋ ಹಾಗಿಲ್ಲ, ಬಂದ ತಕ್ಷಣ ಕೆಎ 14 ಮಾಡಿಸಿ ನಿಶ್ಚಿಂತೆಯಾಗಿರಿ.

2031ರ ಸೆಪ್ಟೆಂಬರ್‌ಗೆ ಹದಿನೈದು ವರ್ಷ ತುಂಬತ್ತೆ, ಆಗ ಎಫ್‌ಸಿ ಮಾಡಿಸಿ ಮತ್ತೆ ಐದು ವರ್ಷ ಎಳೆಯೋ ಯೋಚ್ನೆ ಬೇಡ. ಅಷ್ಟು ಹೊತ್ತಿಗೆ ಗಾಡಿ ಅದರ ಕೆಲಸ ಮಾಡಿರತ್ತೆ, ಸರ್ಕಾರಿ ನೋಂದಣಿ ಇರೋ ಸ್ಕ್ರ್ಯಾಪ್ ಸೆಂಟರ್‌ಗೇ ಕೊಟ್ಟು ಸರ್ಟಿಫಿಕೇಟ್ ತಗೊಳ್ಳಿ, ಬೀದಿ ಗುಜರಿಗೆ ಕೊಟ್ರೆ ಎಂಜಿನ್ ಎತ್ತಿ ಯಾವ್ದೋ ಟೆಂಪೋಗೆ ಕೂರಿಸ್ತಾರೆ. ಅಲ್ಲಿ ತನಕ ವರ್ಷಕ್ಕೊಂದ್ ಸಲ ಆ ಬಿಳಿ ಬಟ್ಟೆ ಪರೀಕ್ಷೆ ಮಾಡಿ, ಬಟ್ಟೆನ ಡೇಟ್ ಬರೆದು ಇಡಿ. ಒಂದು ವರ್ಷ ಹಿಂದಿನದಕ್ಕಿಂತ ಕಪ್ಪು ಜಾಸ್ತಿ ಕಂಡ್ರೆ ಇಂಜೆಕ್ಟರ್ ತೋರ್ಸಿ, ಬೆಂಗಳೂರಿಗೆ ಬಂದಾಗ ನನ್ನ ಹತ್ರನೇ ತಂದ್ರೂ ಸಂತೋಷ.